ಐಲ್ಸಾಳ ಪುಟ

ಪೇಟೆಯ ಚರ್ಚಿನ ಅಡುಗೆಮನೆಯಲ್ಲಿ ಲೋರ್ನಾ ಮೊಟ್ಟೆ ಸ್ಯಾಂಡ್‌ವಿಚ್‌ಗಳ ಅಂಚು ಕತ್ತರಿಸುತ್ತಿದ್ದಾಗ ಫೋನು ಬಂತು. ಮಾಡಿದವನು ಕ್ಲೈವ್, ತೀರಿಕೊಂಡಿದ್ದ ಐಲ್ಸಾಳ ತಮ್ಮ.

"ಲೋರ್ನಾ, ನಾವೆಲ್ಲ ಬಂದು ನಿಂತಿದ್ದೀವಿ. ಬಾಗಿಲಿಗೆ ಬೀಗ. ನಮ್ಮಕ್ಕ ಎಲ್ಲಿ?"

"ಇಲ್ಲೇ ಇದಾಳಲ್ಲಪ್ಪ, ಪೆಟ್ಟಿಗೇಲಿ. ನೀವೆಲ್ಲಿದ್ದೀರಿ?"

"ಗುಡ್ಡದ ಚರ್ಚು. ವೆಬ್‌ಸೈಟಲ್ಲಿ ಹಂಗೇ ಇದೆಯಲ್ಲ. ಅಕ್ಕನಿಗೋಸ್ಕರ ತೆಗೆಸಿರ್ತೀರಿ ಅಂದ್ಕೊಂಡ್ವಿ."

ಲೋರ್ನಾಳ ಕೈ ನಿಂತಿತು. ಗುಡ್ಡದ ಚರ್ಚು ಮುಚ್ಚಿ ಕಳೆದ ಚಳಿಗಾಲಕ್ಕೇ ವರ್ಷವಾಗಿತ್ತು. ಗೋಧಿ ಹೊಲಗಳ ನಡುವೆ ಚದುರಿದ ಊರುಗಳಿಗೆಲ್ಲ ಸೇರಿ ಒಬ್ಬನೇ ಪಾದ್ರಿ. ಯಾವ ಭಾನುವಾರ ಎಲ್ಲಿ ಪ್ರಾರ್ಥನೆ, ತಿಂಡಿಯ ತಟ್ಟೆ ತುಂಬಿಸಿ ತರುವ ಸರದಿ ಯಾರದು, ಎಲ್ಲವನ್ನೂ ಜನ ನೋಡಿ ತಿಳಿದುಕೊಳ್ಳುತ್ತಿದ್ದುದು ಐಲ್ಸಾ ನಡೆಸುತ್ತಿದ್ದ ಆ ವೆಬ್‌ಸೈಟ್ ಪುಟದಲ್ಲೇ. ಈ ಸಲ ಅಲ್ಲಿ ಬರೆದವಳು ಲೋರ್ನಾ.

*

ವೆಬ್‌ಸೈಟಿಗೆಂದು ಡಿಸೈನರನ್ನು ಇಟ್ಟುಕೊಳ್ಳುವ ತಾಕತ್ತು ಆ ಚರ್ಚಿಗೆ ಯಾವತ್ತೂ ಇರಲಿಲ್ಲ. ಶಾಲೆಯ ಕ್ಯಾಂಟೀನಿನಲ್ಲಿ ಆಯುಷ್ಯ ಸವೆಸಿದ ಐಲ್ಸಾ, ಯಾರೂ ಮುಂದೆ ಬರದಿದ್ದಾಗ, ಸರಿ ನಾನೇ ನೋಡುತ್ತೇನೆ ಅಂದಿದ್ದಳು. ನೀನೂ ಕಲಿತುಕೋ ಎಂದು ಅವಳು ಗೆಳತಿಯ ಬೆನ್ನುಬಿದ್ದರೆ, ಲೋರ್ನಾ ಪ್ರತಿ ಸಲವೂ ಏನೋ ಒಂದು ನೆಪ ಹೇಳಿ ಜಾರಿಕೊಳ್ಳುತ್ತಿದ್ದಳು.

ಕೊನೆಗೆ ಐಲ್ಸಾ ಮಲಗಿದ್ದ ಆಸ್ಪತ್ರೆಯ ಹಾಸಿಗೆಯಲ್ಲೇ ಪಾಠ ನಡೆಯಿತು.

"ಪೆನ್ಸಿಲ್ ಚಿತ್ರ ಒತ್ತು, ಬರಿ, ಉಳಿಸು. ಅಷ್ಟೇ ಕಣೆ. ಹೊಸದು ಮಾಡಕ್ಕೆ ಹೋಗಿ ಒದ್ದಾಡಬೇಡ. ನಮ್ಮ ಯಜಮಾನರು ಹೋದಾಗ ಮಾಡಿದ ಪುಟ ಇದೆಯಲ್ಲ, ಅದರದೇ ನಕಲು ತೆಗಿ. ಅವರಿಗೆ ಸಾಕಾಗಿದ್ದು ನನಗೂ ಸಾಕು."

ಲೋರ್ನಾ ಹಾಗೇ ಮಾಡಿದ್ದಳು. ಹೆಸರು, ತಾರೀಖು, ಫೋಟೋ ಎಲ್ಲ ಬದಲಾಯಿಸಿದ್ದಳು. ಐಲ್ಸಾಳ ಗಂಡನ ಅಂತ್ಯಪ್ರಾರ್ಥನೆ ನಡೆದದ್ದು ಗುಡ್ಡದ ಚರ್ಚಿನಲ್ಲಿ, ನಕಲಿನಲ್ಲಿ ಆ ಸಾಲು ಹಾಗೇ ಉಳಿದಿದೆ ಎಂಬುದು ಮಾತ್ರ ಅವಳ ತಲೆಗೆ ಹೊಳೆದಿರಲಿಲ್ಲ.

*

"ಕೆಳಗೆ ಪೇಟೆಯ ಚರ್ಚಿಗೆ ಬನ್ನಿ ಅಂತ ಅವರಿಗೆಲ್ಲ ಹೇಳಪ್ಪ," ಅಂದಳು ಲೋರ್ನಾ. ಆ ಕಡೆ ಒಂದಷ್ಟು ವಾದ ಕೇಳಿಸಿತು, ಆಮೇಲೆ ಕ್ಲೈವ್ ಮತ್ತೆ ಫೋನಿಗೆ ಬಂದ.

"ಹೇಳಿದೆ. ಯಾರೂ ನಂಬ್ತಿಲ್ಲ. ನಿನಗೇ ಏನೋ ಗೊಂದಲ, ಐಲ್ಸಾಳ ಪುಟ ಯಾವತ್ತಾದರೂ ತಪ್ಪಿದೆಯಾ ಅಂತ ನನಗೇ ತಿರುಗಿ ಕೇಳ್ತಾರೆ. ದಾರೀಲಿರೋರು ಬೇರೆ ಅದನ್ನೇ ನೋಡ್ಕೊಂಡು ಬರ್ತಿದಾರೆ."

ಲೋರ್ನಾ ಚರ್ಚಿನೊಳಗೆ ಇಣುಕಿದಳು. ಬೆಂಚುಗಳೆಲ್ಲ ಖಾಲಿ. ಪಾದ್ರಿ ಹೀಟರಿನ ಪಕ್ಕ ಕುಳಿತು ಕಣ್ಣು ಮುಚ್ಚಿದ್ದ. ಬೆಳಗಿನಿಂದ ಇದು ಅವನಿಗೆ ಎರಡನೆಯ ಶವಸಂಸ್ಕಾರ. ಊರಿಗೆಲ್ಲ ದಾರಿ ಹೇಳಿದವಳು ಯಾರೂ ಇಲ್ಲದೆ ಮಣ್ಣಿಗೆ ಹೋಗುವಂತಾಯಿತಲ್ಲ, ಅದೂ ತನ್ನಿಂದ, ಎಂದು ಅವಳಿಗೆ ಅಳು ಬಂತು. ಅಳುವುದಕ್ಕೂ ಸುಸ್ತು.

ಬೆಣ್ಣೆಯ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಫೋನಿನಲ್ಲಿ ಐಲ್ಸಾಳ ಹೆಸರು, ಐಲ್ಸಾಳ ಪಾಸ್‌ವರ್ಡ್ ಹಾಕಿದಳು. ಪೆನ್ಸಿಲ್ ಒತ್ತಿದಳು. ಗುಡ್ಡದ ಚರ್ಚನ್ನು ಅಳಿಸಿ ಪೇಟೆಯ ಚರ್ಚು ಎಂದು ಬರೆದಳು. ಉಳಿಸಿದಳು.

ಸ್ವಲ್ಪ ಹೊತ್ತಿಗೆ ಗುಡ್ಡದ ರಸ್ತೆಯಲ್ಲಿ ಧೂಳೆದ್ದಿತು. ಕಾರುಗಳು ಒಂದರ ಹಿಂದೊಂದು ಇಳಿದು ಬಂದವು. ಜನ ತಾವು ತಂದ ತಟ್ಟೆಗಳನ್ನು ಅಡುಗೆಮನೆಯಲ್ಲಿಟ್ಟು ಬೆಂಚು ಹಿಡಿದರು. ಲೋರ್ನಾ ತಪ್ಪಾಯಿತು ಅಂದರೆ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ.

ಪಾದ್ರಿ ಎದ್ದು ನಿಂತರೂ ಮುಂದಿನ ಬೆಂಚಿನಲ್ಲಿದ್ದ ಕ್ಲೈವ್ ಫೋನನ್ನು ಜೇಬಿಗೆ ಹಾಕಲಿಲ್ಲ. ಲೋರ್ನಾ ಪಕ್ಕದಲ್ಲಿ ಕುಳಿತು ಬಗ್ಗಿ ನೋಡಿದಳು. ಪುಟದ ಕೊನೆಯಲ್ಲಿ, ತಂತಾನೇ ಮೂಡುವ ಸಣ್ಣ ಸಾಲು: ತಿದ್ದಿದವರು ಐಲ್ಸಾ ಟ್ರೆಂಬತ್, ಅರ್ಧ ಗಂಟೆಯ ಹಿಂದೆ.

ಪರದೆ ಕಪ್ಪಾಯಿತು. ಕ್ಲೈವ್ ಹೆಬ್ಬೆರಳಿನಿಂದ ಮುಟ್ಟಿ ಮತ್ತೆ ಬೆಳಗಿಸಿಕೊಂಡ.