ಒದ್ದೆ ಸೀರೆಯ ಪ್ರಮಾಣ

ಮಾಸ್ತಮ್ಮ ಯಾರ ಮನೆಯ ಜಗಲಿಯಲ್ಲೂ ಕೂತವಳಲ್ಲ. ಕೂತುಕೋ ಎಂದರೆ "ನಿಂತ್ರೇ ಆತು ಒಡೆಯಾ" ಎಂದು, ಕಂಬಕ್ಕೂ ಒರಗದೆ, ಕೋರ್ಟಿನ ಜವಾನನಿಗಿಂತ ನೆಟ್ಟಗೆ ನಿಲ್ಲುವಳು. ಕಾಯ್ಕಿಣಿಯಿಂದ ಮೀನುಬುಟ್ಟಿ ಹೊತ್ತು ಹೊರಟರೆ ಒಳ್ಳೆಯ ದಾರಿಯನ್ನು ಬಿಟ್ಟು ತೆರೆಯಂಚಿನಲ್ಲೇ ಕಾಲು ಮುಳುಗಿಸಿಕೊಂಡು ನಡೆಯುವಳು. ಕಡಲಲ್ಲಿ ನಡೆದವಳ ಸೀರೆ ಯಾಕೆ ಒದ್ದೆಯೆಂದು ಯಾರು ಕೇಳುತ್ತಾರೆ? ಮಾತು ಕಡಿಮೆ; ಆಡಿದ್ದರ ತುದಿಗೆ ಮಾತ್ರ "ಹೌದಾ, ಅಲ್ದಾ?" ಎಂಬ ಗಾಳವೊಂದು ಇದ್ದೇ ಇರುತ್ತಿತ್ತು.

ಚೊಚ್ಚಲ ಹೆರಿಗೆ ಕಷ್ಟವಾದಾಗ ಗಂಡ ಶನಿಯಾರ ಅವಳನ್ನು ಪೇಟೆಯ ಖಾಸಗಿ ಡಾಕ್ಟರರಲ್ಲಿಗೆ ಹೊತ್ತು ತಂದಿದ್ದ. ಇಕ್ಕಳ ಹಾಕಿ ಎಳೆದರೂ ಮಗು ಉಳಿಯಲಿಲ್ಲ; ಅಂದಿನಿಂದ ಅವಳಿಗೆ ಮೂತ್ರ ನಿಲ್ಲಲಿಲ್ಲ. "ನರದ ದೌರ್ಬಲ್ಯ, ತಾನಾಗಿ ವಾಸಿಯಾಗುತ್ತದೆ" ಎಂದು ಆ ಮಹಾನುಭಾವರು ಕುರ್ಚಿಯಿಂದೇಳದೆ ಟಾನಿಕ್ಕು ಬರೆದರು. ವರ್ಷಗಟ್ಟಲೆ ಬರೆದರು! ಪುಣ್ಯಾತ್ಮ, ಒಮ್ಮೆ ಎದ್ದು ಬಂದು ನೋಡಬಾರದಿತ್ತೇ? ಕಡೆಗೆ ಘಟ್ಟದ ಮೇಲಿನ ಆಸ್ಪತ್ರೆಯ ಡಾಕ್ಟರಮ್ಮ ನೋಡಿದ ಕೂಡಲೇ ಹೇಳಿದರು: ಮೂತ್ರಚೀಲ ಹರಿದಿದೆ, ಹೊಲಿಯಬಹುದು, ಎಂದೋ ಹೊಲಿಯಬಹುದಿತ್ತು. ಅಷ್ಟರೊಳಗೆ ಅತ್ತೆ ಅವಳನ್ನು ಬಲೆ ಇಡುವ ಕೊಟ್ಟಿಗೆಗೆ ದಾಟಿಸಿದ್ದಳು. ಶನಿಯಾರ ಅದು ದೇವಿಯ ಶಾಪವೆಂಬ ಮಾತಿಗೆ ತಲೆಯಾಡಿಸಿದ್ದ. ಅವಳೂ ಅದನ್ನೇ ನಂಬಿ, ಒಸರುವ ಮೈ ಮೈಲಿಗೆಯೆಂದು, ಗುಡಿಯ ಮೆಟ್ಟಿಲು ಹತ್ತುವುದನ್ನು ಬಿಟ್ಟಿದ್ದಳು.

ಹೊಲಿಸಲು ಖರ್ಚಿದೆ, ಹರಿದವರೇ ಕೊಡಲಿ ಎಂಬುದು ಅವಳ ದಾವೆ. ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಆಗಿನ್ನೂ ಕೆಲವೇ ವರ್ಷ. ಡಾಕ್ಟರ ಮೇಲೆ ಖಟ್ಲೆ ಹೂಡಿದ್ದನ್ನು ಈ ಸೀಮೆ ಕೇಳಿಯೇ ಇರಲಿಲ್ಲ. ಹೊನ್ನಾವರದ ವಕೀಲ ಹರಿಹರ ಭಟ್ಟರು ಹಿಂಜರಿದಾಗ ಅವಳೆಂದಳು: "ಒಬ್ರ ಬಲೆ ಇನ್ನೊಬ್ಬ ಹರಿದ್ರೆ ದಂಡ ಕೊಡ್ಬೇಕು. ನಾನು ಬಲೆಗಿಂತ ಕಡೆಯಾ? ಹೌದಾ, ಅಲ್ದಾ?" ಭಟ್ಟರು ವಕಾಲತ್ತು ಹಿಡಿದರು.

ಗಾಯವೇ ಇಲ್ಲ, ಬರೀ ದೌರ್ಬಲ್ಯ ಎಂಬುದು ಡಾಕ್ಟರರ ವಾದ. ಘಟ್ಟದ ಡಾಕ್ಟರಮ್ಮ ಸಾಕ್ಷಿಗೆ ಇಳಿದು ಬರುತ್ತಾರೆಂದು ತಿಳಿದದ್ದೇ ಅವರ ವಕೀಲರು ಹೊಸ ಆಟ ಹೂಡಿದರು. ಎದುರು ಪಕ್ಷದವರು ದೇವರೆದುರು ಪ್ರಮಾಣ ಮಾಡಿದರೆ ಸೋಲೊಪ್ಪುತ್ತೇವೆ ಎನ್ನಲು ಆಗಿನ ಕಾನೂನಿನಲ್ಲಿ ಅವಕಾಶವಿತ್ತು. ಮಾಸ್ತಮ್ಮ ದೇವಿಯ ಮುಂದೆ ನಿಂತು ತನ್ನ ದೂರು ನಿಜವೆಂದು ಹೇಳಲಿ, ಪರಿಹಾರ ಕೊಡುತ್ತೇವೆ ಎಂದರು. ಅವಳು ಗುಡಿಯ ಹತ್ತಿರ ಸುಳಿಯುವುದಿಲ್ಲವೆಂಬ ಗುಟ್ಟು ಅವರಿಗೆ ಗೊತ್ತಿತ್ತು. ಆದರೆ ಪ್ರಮಾಣ ಮಾಡುವವರು ಕೆರೆಯಲ್ಲಿ ಮುಳುಗೆದ್ದು ಒದ್ದೆ ಬಟ್ಟೆಯಲ್ಲೇ ನಿಲ್ಲಬೇಕೆಂಬ ಕಟ್ಟಳೆ ಮರೆತೇ ಹೋಗಿತ್ತು!

ಭಟ್ಟರಿಗೆ ಹಿಡಿಸಲಾರದಷ್ಟು ಸಂತೋಷ. "ಒದ್ದೆ ಸೀರೆಯಲ್ಲಿ ಯಾರಿಗೆ ಎಂತ ಗೊತ್ತಾಗ್ತದೆ ಮಾಸ್ತಿ? ಹೇಳೂದಷ್ಟು ಹೇಳು, ಉಳಿದದ್ದು ಹೊಟ್ಟೆಯಲ್ಲಿಟ್ಕೋ."

ಅವಳು ಮುಳುಗೆದ್ದು ಬಂದಳು. ದೇವಿಯ ಭಯ ಅವಳಿಗೆ ನಿಜವಾಗಿಯೂ ಇತ್ತು. ಆದರೂ ಕೈಮುಗಿದು ಎಲ್ಲರಿಗೂ ಕೇಳುವಂತೆ ಹೇಳಿದಳು: "ತಾಯೀ, ಈ ಸೀರೆಯಲ್ಲಿ ಕೆರೆನೀರು ಮಾತ್ರ ಅಲ್ಲ, ನನ್ನ ಮೈನೀರೂ ಅದೆ. ಈಗ್ಲೂ ಹರೀತಾ ಅದೆ. ನಿನ್ನೆದುರು ಮುಚ್ಚಿಟ್ಟು ಸತ್ಯ ಹೇಳ್ಲಿಕ್ಕೆ ನಂಗೆ ಬರೂದಿಲ್ಲ." ಭಟ್ಟರು ಹಣೆ ಚಚ್ಚಿಕೊಂಡರು. ಅವಳು ಡಾಕ್ಟರರ ವಕೀಲರತ್ತ ತಿರುಗಿದಳು: "ಮೈಲಿಗೆಯಾದ್ರೆ ನೀವೇ ಹೇಳಿ, ಇಳಿದು ಹೋಗ್ತೆ." ಮೈಲಿಗೆ ಎಂದರೆ ಗಾಯವನ್ನು ಒಪ್ಪಿದಂತೆ, ಅಲ್ಲವೆಂದರೆ ಪ್ರಮಾಣ ನಡೆದಂತೆ. ಅವರು ಒಂದು ಹೆಜ್ಜೆ ಹಿಂದೆ ಸರಿದರು. ಆ ಹೆರಿಗೆಗೆ ಮೊದಲು ತನಗೆ ಈ ಬಾಧೆ ಇರಲಿಲ್ಲ, ಆಮೇಲೆ ಡಾಕ್ಟರರು ಒಮ್ಮೆಯೂ ತನ್ನನ್ನು ಪರೀಕ್ಷಿಸಲಿಲ್ಲ ಎಂದು ಮಾಸ್ತಮ್ಮ ನಿಧಾನವಾಗಿ ಪ್ರಮಾಣ ಮಾಡಿದಳು.

ಪರಿಹಾರ ಬಂತು. ಮೊದಲ ಹೊಲಿಗೆ ಬಿಟ್ಟಿತು, ಎರಡನೆಯದು ನಿಂತಿತು. ವಕೀಲರಿಗೆ ವಂದಿಸಿ ಹೋಗಲು ಬಂದವಳನ್ನು ಅವರ ಅಕ್ಕ ಮಹಾಲಕ್ಷ್ಮೀ ಹಿತ್ತಿಲಿಗೆ ಕರೆದು, ಅತ್ತಿತ್ತ ನೋಡಿ, ಅವಳ ಕೈಯನ್ನೇ ಹಿಡಿದುಕೊಂಡರು. "ನಂಗೂ ಹೀಂಗೇ ಇದ್ದು ಮಾಸ್ತಿ, ದೇವು ಹುಟ್ಟಿದ ಲಾಗಾಯ್ತು. ಆ ಆಸ್ಪತ್ರೆ ಎಲ್ಲಿದ್ದು? ತಮ್ಮಂಗೆ ಹೇಳಡ, ಗುಟ್ಟಾಗಿರ್ಲಿ."

ಮಾಸ್ತಮ್ಮನಂಥವರನ್ನು ಗಟ್ಟಿಗಿತ್ತಿ ಎಂದು ಹೊಗಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಅಂಥವಳೊಬ್ಬಳು ನಾಲ್ಕು ಜನರೆದುರು ಬಾಯಿಬಿಟ್ಟ ಮೇಲೆಯೇ ಉಳಿದವರಿಗೆ ತಮ್ಮದು ಶಾಪವಲ್ಲ, ಗಾಯ ಎಂದು ತಿಳಿಯುವುದು. ಅಂಥವಳು ಹುಟ್ಟದ ಊರುಗಳಲ್ಲಿ ಎಷ್ಟು ತಾಯಂದಿರು ಇನ್ನೂ ಬಾವಿಕಟ್ಟೆಯ ಮರೆಯಲ್ಲಿ, ಮನೆಯವರು ಏಳುವ ಮೊದಲೇ, ಸೀರೆ ಹಿಂಡುತ್ತಿದ್ದಾರೋ!