ಸೋತವರ ಮನೆಗೆ ಹೋಗುವ ಮೂರು ಮಣೆ

ನಾನು ಮೂರು ಮಣೆ. ಹೆಸರಿಗೆ ಮೂರು, ಮೈ ಒಂದೇ. ನಡುವಿನದು ಎತ್ತರ, ಬಲಕ್ಕಿರುವುದು ಅದಕ್ಕಿಂತ ತಗ್ಗು, ಎಡಕ್ಕಿರುವುದು ಇನ್ನೂ ತಗ್ಗು. ಆಟದಲ್ಲಿ ಗೆದ್ದ ಮಕ್ಕಳು ನನ್ನ ಮೇಲೆ ಹತ್ತಿ ನಿಲ್ಲುತ್ತಿದ್ದರು. ಮಾಸ್ತರುಗಳು ನನ್ನನ್ನು ವಿಕ್ಟರಿ ಸ್ಟ್ಯಾಂಡ್ ಎಂದು ಕರೆದರು. ನನ್ನನ್ನು ಮಾಡಿದ ಬಡಿಗೇರ ಮೌನೇಶಪ್ಪನ ಬಾಯಲ್ಲಿ ಆ ಮಾತು ಹೊರಳಲಿಲ್ಲ, ಮೂರು ಮಣಿ ಅಂದ. ಊರಿಗೆಲ್ಲ ಅದೇ ಹೆಸರಾಯಿತು.

ಶಾಲೆಗಳಲ್ಲೇ ಆಯುಷ್ಯ ಕಳೆದರೂ ನನಗೆ ಓದು ಬರಹ ಹತ್ತಲಿಲ್ಲ. ಕಲಿತದ್ದು ಮೈಮೇಲೆ ಬರೆದ ಮೂರು ಅಂಕಿ ಮಾತ್ರ. ಆದರೆ ಕಾಲು ಬಲ್ಲೆ. ಜನ ಮುಖ ನೋಡಿ ಗುರುತು ಹಿಡಿಯುತ್ತಾರೆ, ನಾನು ಅಂಗಾಲಿನಿಂದ ಹಿಡಿಯುತ್ತೇನೆ. ಹೊಲದ ಮಣ್ಣಿನಲ್ಲಿ ಬಿರಿದ ಕಾಲು, ಪೇಟೆಯ ಬೂಟಿನೊಳಗೆ ಬೆವೆತ ಕಾಲು, ಗೆದ್ದ ಮೇಲೂ ಹೆದರಿಕೆ ಹೋಗದೆ ನಡುಗುವ ಕಾಲು, ಎಲ್ಲ ಗೊತ್ತು.

ಕೋಡಗಟ್ಟಿ ಹೈಸ್ಕೂಲಿನ ಅಂಗಳದಲ್ಲಿ ಒಂದು ಮುದಿ ಬೇವಿನ ಮರವಿತ್ತು. ಒಂದು ಬೇಸಿಗೆಯ ಗಾಳಿಗೆ ಅದು ಬಿತ್ತು. ಆ ಶಾಲೆಯ ಡ್ರಿಲ್ ಮಾಸ್ತರು ಹೊಳಲ ಸರ ಬಿದ್ದ ಮರವನ್ನು ಒಲೆಗೆ ಹೋಗಲು ಬಿಡಲಿಲ್ಲ. ಅವರ ತಲೆಯಲ್ಲಿ ಆಗ ಒಂದು ಹುಚ್ಚು ಹೊಕ್ಕಿತ್ತು. ಕೋಡಗಟ್ಟಿಯದೂ ಸೇರಿ ಸುತ್ತಮುತ್ತ ಐದು ಖಾಸಗಿ ಹೈಸ್ಕೂಲುಗಳಿದ್ದವು. ಊರ ಹಿರಿಯರು ವಂತಿಗೆ ಎತ್ತಿ ಕಟ್ಟಿದ ಶಾಲೆಗಳು. ಆ ಮಕ್ಕಳು ತಮ್ಮ ತಮ್ಮ ಅಂಗಳದಲ್ಲಿ ತಮ್ಮೊಳಗೇ ಆಡಿ, ತಮ್ಮನ್ನೇ ಸೋಲಿಸಿ ಮನೆಗೆ ಹೋಗುತ್ತಿದ್ದರು. ಹೊಳಲ ಸರ ಸೈಕಲ್ಲು ಹತ್ತಿ ಐದೂ ಊರು ತಿರುಗಿ, ಮುಖ್ಯಾಧ್ಯಾಪಕರನ್ನು ಒಪ್ಪಿಸಿ, ಒಂದು ಒಕ್ಕೂಟ ಕಟ್ಟಿದರು. ಅದಕ್ಕೆ ಉದ್ದನೆಯ ಹೆಸರೊಂದಿತ್ತು. ಜನ ಐದು ಸಾಲಿ ಆಟ ಎಂದರು.

ಮೌನೇಶಪ್ಪ ನನ್ನಂಥದ್ದನ್ನು ಕಣ್ಣಿಂದ ಕಂಡವನಲ್ಲ. ಗೆದ್ದ ಮೂವರಿಗೆ ಬೇಕು ಎಂದದ್ದಷ್ಟೇ ಅವನ ಕಿವಿಗೆ ಬಿದ್ದಿತ್ತು. ಗೆದ್ದವರನ್ನು ಕೂರಿಸಿ ಆರತಿ ಎತ್ತುತ್ತಾರೆ ಎಂದುಕೊಂಡು ಒಂದೇ ಎತ್ತರದ ಮೂರು ಮಣೆ ಮಾಡಿ, ಅಂಚಿಗೆ ಬಳ್ಳಿಯ ಕೆತ್ತನೆ ಬೇರೆ ಮಾಡಿ ತಂದಿಟ್ಟ. ಹೊಳಲ ಸರ ನೋಡಿ ಹಣೆ ತಟ್ಟಿಕೊಂಡರು.

"ಕುಂದ್ರೂದಲ್ಲೋ ಮಾರಾಯಾ, ನಿಂದ್ರೂದು. ಮೊದಲು ಬಂದಾಂವ ಎತ್ತರದಾಗ ಇರಬೇಕು."

"ಮೂವರೂ ಓಡ್ಯಾರಲ್ರಿ ಸರ," ಅಂದ ಮೌನೇಶಪ್ಪ. "ಒಬ್ಬಾಂವಗ ಯಾಕ ಅಷ್ಟು ಎತ್ತರ?"

ಕಡೆಗೆ ಉಳಿದ ಹಲಗೆಯಲ್ಲಿ ಪೆಟ್ಟಿಗೆ ಕಟ್ಟಿ, ಮೂರನ್ನೂ ಏರಿಳಿಸಿ ಒಂದಕ್ಕೊಂದು ಜೋಡಿಸಿದ. ಆದರೂ ಅವನ ಮನಸ್ಸು ಒಪ್ಪಿರಲಿಲ್ಲವೇನೋ, ಒಂದರಿಂದ ಇನ್ನೊಂದಕ್ಕೆ ಗೇಣಿಗಿಂತ ಹೆಚ್ಚು ಅಂತರ ಇಡಲಿಲ್ಲ. ಬಳ್ಳಿಯ ಕೆತ್ತನೆ ಹಾಗೆಯೇ ಉಳಿಯಿತು.

ಮೊದಲನೇ ವರ್ಷದ ಆಟ ಮುಗಿದಾಗ ಬಿಳಿಗೇರಿ ಶಾಲೆ ಗೆದ್ದು ಶೀಲ್ಡನ್ನು ಹೊತ್ತು ಕುಣಿಯಿತು. ಎಲ್ಲಕ್ಕಿಂತ ಕಡೆಗೆ ಬಂದ ಶಾಲೆಯ ಮಕ್ಕಳು ನೆಲ ನೋಡುತ್ತ ತಮ್ಮ ಚಕ್ಕಡಿಯ ಹತ್ತಿರ ನಿಂತಿದ್ದರು. ಹೊಳಲ ಸರ ನನ್ನನ್ನು ಎತ್ತಿಸಿ ಆ ಚಕ್ಕಡಿಗೆ ಹಾಕಿಸಿದರು. ಸೋತವರು ಬರಿಗೈಯಲ್ಲಿ ಹೋಗಬಾರದು, ಮುಂದಿನ ವರ್ಷ ಆಟ ಅವರ ಅಂಗಳದಲ್ಲೇ ಆಗಬೇಕು, ಅಲ್ಲಿಯವರೆಗೆ ಮೂರು ಮಣೆ ಅವರ ಮನೆಯಲ್ಲಿರಬೇಕು ಎಂದರು. ಅಂದಿನಿಂದ ಅದೇ ಕಾಯ್ದೆಯಾಯಿತು. ಗೆದ್ದವರ ಮನೆಗೆ ಶೀಲ್ಡು, ಕಡೆಗೆ ಬಂದವರ ಮನೆಗೆ ನಾನು.

ಸೋಲುವುದಕ್ಕೂ ಬಹುಮಾನ ಇಟ್ಟಿರಲ್ಲ ಎಂದು ಉಳಿದ ಮಾಸ್ತರುಗಳು ನಕ್ಕರು. ಹೊಳಲ ಸರ, "ಸೋತವರ ಮನಿ ಊಟ ಛಲೋ ಇರತೈತ್ರಿ, ಬರ್ರಿ ಮುಂದಿನ ವರ್ಷ," ಅಂದರು. ಅವರ ಮಾತು ಸುಳ್ಳಾಗಲಿಲ್ಲ. ಸೋತ ಊರು ವರ್ಷವಿಡೀ ನನ್ನನ್ನು ನೋಡುತ್ತ ಹಟ ಹಿಡಿಯುತ್ತಿತ್ತು. ಬಯಲಿನ ಕಲ್ಲು ಆರಿಸಿ, ಸುಣ್ಣದ ಗೆರೆ ಎಳೆದು, ಬಂದ ಮಕ್ಕಳಿಗೆಲ್ಲ ರೊಟ್ಟಿ, ಝುಣಕ, ಗೋಧಿ ಹುಗ್ಗಿ ಮಾಡಿ ಹಾಕುತ್ತಿತ್ತು. ತಮ್ಮೂರ ಜನರ ಕಣ್ಣೆದುರು ಮಕ್ಕಳು ಜೀವ ಬಿಟ್ಟು ಓಡುತ್ತಿದ್ದರು. ಹಾಗಾಗಿ ಆ ವರ್ಷ ಬೇರೆ ಯಾರೋ ಕಡೆಗೆ ಬೀಳುತ್ತಿದ್ದರು, ನಾನು ಮತ್ತೆ ಚಕ್ಕಡಿ ಏರುತ್ತಿದ್ದೆ. ಹೀಗೆ ಐದೂ ಊರಿನ ನೀರು ಕುಡಿದೆ. ಹೋದ ಹೋದ ಶಾಲೆ ನನಗೆ ತನ್ನ ಬಣ್ಣ ಬಳಿಯಿತು. ಇವತ್ತು ನನ್ನ ಮೈ ಕೆರೆದರೆ ನೀಲಿಯ ಕೆಳಗೆ ಹಳದಿ, ಹಳದಿಯ ಕೆಳಗೆ ಕೆಂಪು, ಎಲ್ಲ ಸಿಗುತ್ತದೆ.

ಇನ್ನೊಂದು ಕಟ್ಟುಪಾಡೂ ಇತ್ತು. ಗೆಲ್ಲದವರು ನನ್ನ ಮೇಲೆ ಕಾಲಿಡಬಾರದು. ಕೂರಬಹುದು, ಬುತ್ತಿ ಬಿಚ್ಚಬಹುದು, ನಿಲ್ಲಬಾರದು. ಇದನ್ನು ಯಾರೂ ಬರೆದಿರಲಿಲ್ಲ, ಮಕ್ಕಳೇ ಮಾಡಿಕೊಂಡದ್ದು. ಮಕ್ಕಳ ಕಾಯ್ದೆ ಕೋರ್ಟಿನ ಕಾಯ್ದೆಗಿಂತ ಬಿಗಿ.

ಕೋಡಗಟ್ಟಿಗೆ ನಾನು ಮತ್ತೆ ಮತ್ತೆ ಬರುತ್ತಿದ್ದ ಕಾಲದಲ್ಲಿ ಮಾಬೂಬಿಯನ್ನು ಕಂಡೆ. ಗಾದಿ ಹೊಲಿಯುವ ಇಮಾಮಸಾಬ ನದಾಫನ ಮಗಳು. ಅವನು ಅರಳೆ ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿ ಊರೂರು ತಿರುಗುತ್ತಿದ್ದ. ಬೆಳಗಿನಲ್ಲಿ ಆ ಬಿಲ್ಲಿನ ಟೊಂಯ್ ಟೊಂಯ್ ಶಾಲೆಯವರೆಗೂ ಕೇಳುತ್ತಿತ್ತು. ತಾಯಿ ಇರಲಿಲ್ಲ. ಮನೆಯ ಕೆಲಸ ಮುಗಿಸಿ, ತಡವಾಯಿತೆಂದು ಓಡುತ್ತ ಶಾಲೆಗೆ ಬರುವ ಹುಡುಗಿಯನ್ನು ಹೊಳಲ ಸರ ಉದ್ದ ಓಟಕ್ಕೆ ಹಾಕಿದರು.

ಅವಳಿಗೆ ಒಂದೇ ಆಸೆ. ನನ್ನ ಮೇಲೆ ಒಮ್ಮೆ ನಿಲ್ಲಬೇಕು. ಮೊದಲನೆಯದೇ ಆಗಬೇಕೆಂದಿರಲಿಲ್ಲ, ಮೂರನೆಯದಾದರೂ ಸಾಕು. ಎಂಟನೆಯ ಇಯತ್ತೆಯಲ್ಲಿ ಓಡಿ ನಾಲ್ಕನೆಯವಳಾಗಿ ಬಂದಳು. ಒಂಬತ್ತನೆಯದರಲ್ಲೂ ನಾಲ್ಕನೆಯವಳೇ. ನಾಲ್ಕನೆಯವರಿಗೆ ನನ್ನಲ್ಲಿ ಜಾಗವಿಲ್ಲ. ಮೌನೇಶಪ್ಪನಿಗೆ ಇನ್ನೊಂದು ಹಲಗೆ ಸಿಗಬಾರದಿತ್ತೇ ಎಂದು ನಾನು ಅಂದುಕೊಂಡದ್ದುಂಟು.

ತಂದೆ ಪ್ರತಿ ಸಲ ಊರಿಗೆ ಮರಳಿದಾಗ ಹೆಗಲ ಮೇಲಿನ ಬಿಲ್ಲು ಇಳಿಸುವ ಮೊದಲೇ ಕೇಳುತ್ತಿದ್ದನಂತೆ, "ನಿಂತೇನವಾ, ಮಾಬೂ?"

"ಇಲ್ಲಪ್ಪಾ. ಮುಂದಿನ ಸಲ."

ಇದನ್ನು ಅವಳು ಗೆಳತಿಯರಿಗೆ ನಗುತ್ತ ಹೇಳುತ್ತಿದ್ದಳು, ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತು. ನನ್ನ ಮೇಲೆ ಕೂರುತ್ತಲೂ ಇರಲಿಲ್ಲ. ಒಮ್ಮೆ ಎಲ್ಲರೂ ಪ್ರಾರ್ಥನೆಗೆ ಹೋಗಿದ್ದಾಗ ಒಬ್ಬಳೇ ಬಂದು, ಮೂರನೇ ಅಂಕಿಯ ಮೇಲೆ ಬಲಗಾಲು ಇಟ್ಟಳು. ಭಾರ ಬಿಡಲಿಲ್ಲ. ಮಣ್ಣಿನಲ್ಲಿ ಕಾದು ತಂಪಾದ, ಹೆಬ್ಬೆರಳ ಬದಿಗೆ ಹಳೆಯ ಗಾಯದ ಗಂಟಿರುವ ಅಂಗಾಲು. ಇಟ್ಟ ಹಾಗೆಯೇ ತೆಗೆದಳು. ಆ ಅರ್ಧ ಹೆಜ್ಜೆ ನನ್ನಲ್ಲಿ ಉಳಿಯಿತು.

ಅಷ್ಟರಲ್ಲಿ ಐದು ಸಾಲಿ ಆಟ ಸೊರಗಿತ್ತು. ಒಂದು ಶಾಲೆಯ ಆಡಳಿತದವರು ಒಡೆದು ಇಬ್ಭಾಗವಾದರು. ಇನ್ನೊಂದು ಶಾಲೆ ಆಟದ ಬಯಲಿನಲ್ಲೇ ಹೊಸ ಕೋಣೆ ಕಟ್ಟಿಸಿತು. ಮತ್ತೊಂದು ಶಾಲೆಯಲ್ಲಿ ಡ್ರಿಲ್ ಮಾಸ್ತರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಮಾಬೂಬಿ ಹತ್ತನೆಯದರಲ್ಲಿದ್ದ ವರ್ಷ ಹೊಳಲ ಸರ ಕರೆಯಲು ಹೋದಾಗ ಬರುತ್ತೇವೆ ಎಂದದ್ದು ಬಿಳಿಗೇರಿ ಒಂದೇ. ಆದರೂ ಹಿಂದಿನ ವರ್ಷ ಕಡೆಗೆ ಬಿದ್ದು ಆ ಸಲದ ಆಟ ನಡೆಸಬೇಕಿದ್ದ ಕೋಡಗಟ್ಟಿಯ ಜನ ಐದು ಶಾಲೆಗಾಗುವಷ್ಟೇ ರೊಟ್ಟಿ ತಟ್ಟಿದರು. ಯಾರಾದರೂ ಬಂದಾರು ಎಂದು.

ಆ ವರ್ಷ ಇಮಾಮಸಾಬ ತಿರುಗಾಟ ಬಿಟ್ಟು ಮಗಳ ಓಟ ನೋಡಲು ಬಂದ. ಬರುವಾಗ ಪೇಟೆಯಿಂದ ಬಿಳಿಯ ಕ್ಯಾನ್ವಾಸ್ ಬೂಟು ತಂದಿದ್ದ. ಪೇಟೆಯ ಹುಡುಗಿಯರು ಬೂಟು ಹಾಕಿ ಓಡುವುದನ್ನು ಎಲ್ಲೋ ಕಂಡಿದ್ದನಂತೆ. ಮಗಳು ಬರಿಗಾಲಲ್ಲಿ ಓಡುವುದರಿಂದಲೇ ಹಿಂದೆ ಬೀಳುತ್ತಾಳೆ ಎಂದು ಆ ತಂದೆಯ ಜೀವ ತಿಳಿದಿತ್ತು. ತಾನೇ ಮಂಡಿಯೂರಿ ಲಾಡಿ ಕಟ್ಟಿದ. ಹುಟ್ಟಿದಂದಿನಿಂದ ಬೂಟು ಕಾಣದ ಕಾಲು ಅದು. ಹೊಳಲ ಸರ ನೋಡಿದರು, ಏನೋ ಹೇಳಲು ಬಾಯಿ ತೆರೆದರು, ಇಮಾಮಸಾಬನ ಮುಖ ನೋಡಿ ಸೀಟಿ ಊದಲು ಹೋದರು.

ಉದ್ದ ಓಟವೇ ಆಟದ ಕಡೆಯ ಸ್ಪರ್ಧೆ. ಓಡಿದವರು ನಾಲ್ಕೇ ಹುಡುಗಿಯರು. ಒಬ್ಬಳನ್ನು ಹಿಂದೆ ಹಾಕಿದರೆ ಸಾಕು, ಮಾಬೂಬಿಗೆ ಜಾಗವಿತ್ತು. ಮೊದಲ ಸುತ್ತಿನಲ್ಲಿ ಅವಳು ಎರಡನೆಯವಳಾಗಿದ್ದಳು. ಆಮೇಲೆ ಕಾಲು ತಡವರಿಸತೊಡಗಿತು. ನಾನು ಕೆಳಗಿನಿಂದ ನೋಡುವವನು. ಬಿಳಿಯ ಬೂಟಿನ ಹಿಮ್ಮಡಿಯಲ್ಲಿ ಕೆಂಪು ಹರಡುವುದು ಎಲ್ಲರಿಗಿಂತ ಮೊದಲು ನನಗೆ ಕಂಡಿತು. ಒಂದು ಗಳಿಗೆ ನಿಂತು ಕಿತ್ತೆಸೆದಿದ್ದರೆ ಮತ್ತೆ ಹಿಡಿಯುತ್ತಿದ್ದಳೋ ಏನೋ. ಆದರೆ ಗೆರೆಯ ಪಕ್ಕದಲ್ಲಿ ತಂದೆ ನಿಂತಿದ್ದ, ಬೂಟನ್ನೇ ನೋಡುತ್ತಿದ್ದ. ಅವಳು ಕಿತ್ತೆಸೆಯಲಿಲ್ಲ. ಎಲ್ಲರಿಗಿಂತ ಕಡೆಗೆ ಬಂದಳು.

ಅವಳು ತಂದೆಯ ಹತ್ತಿರ ಬಂದಳು. ಅವಳೇ, ಬೂಟು ಬಲು ಮೆತ್ತಗದಾವಪ್ಪಾ ಅಂದಳು.

ಆ ಓಟದಿಂದ ಕೋಡಗಟ್ಟಿ ಸೋತಿತು. ನಾನು ಅಲ್ಲಿಯೇ ಉಳಿದೆ. ಒಕ್ಕೂಟ ಮುಚ್ಚಿತು ಎಂದು ಯಾರೂ ಹೇಳಲಿಲ್ಲ. ಮರುವರ್ಷ ಹೊಳಲ ಸರ ಹೊಸ ಬಣ್ಣ ಬಳಿದು, ಬಯಲಿಗೆ ಸುಣ್ಣ ಹಾಕಿಸಿ ಕಾದರು. ಬಿಳಿಗೇರಿಯಿಂದ ಯಾರೂ ಬರಲಿಲ್ಲ. ಮಳೆ ಬಂದು ಸುಣ್ಣದ ಗೆರೆ ತೊಳೆದು ಹೋಯಿತು. ಅಷ್ಟೇ ಅದರ ಕೊನೆ.

ಆಮೇಲೆ ಬಹಳ ಕಾಲ ಸಾಮಾನಿನ ಕೋಣೆಯಲ್ಲಿದ್ದೆ. ಬಾವುಟ ಹಾರಿಸುವ ದಿನ ಕುಳ್ಳಗಿನ ಅತಿಥಿ ಬಂದರೆ ಹೊರಗೆ ತೆಗೆಯುತ್ತಿದ್ದರು. ಒಂದು ಕೋಳಿ ನನ್ನ ಹೊಟ್ಟೆಯೊಳಗೆ ಮೊಟ್ಟೆಯಿಟ್ಟು ಮರಿ ಮಾಡಿತು. ಬೇವಿನ ಕಟ್ಟಿಗೆಯಾದ್ದರಿಂದ ಗೆದ್ದಲು ಹತ್ತಲಿಲ್ಲ. ಮಕ್ಕಳು ಪೇಟೆಯ ಶಾಲೆಯ ವ್ಯಾನು ಹತ್ತತೊಡಗಿದ ಮೇಲೆ ಕೋಡಗಟ್ಟಿ ಹೈಸ್ಕೂಲಿಗೂ ಬೀಗ ಬಿತ್ತು. ಗುಜರಿಯವನು ಬಂದು ಬೆಂಚು, ಕಪಾಟು, ಒಡೆದ ಗ್ಲೋಬು ಎಲ್ಲ ಟೆಂಪೊಗೆ ತುಂಬತೊಡಗಿದ. ನನ್ನನ್ನೂ ಎತ್ತಿದ.

ಆಗ ಒಬ್ಬ ಹೆಂಗಸು ಗೇಟಿನಿಂದ ಬಂದಳು. ಸೆರಗಿಗೆ, ಕೂದಲಿಗೆ ಅರಳೆ ಅಂಟಿತ್ತು. ಅದೇ ಊರಿಗೆ ಮದುವೆಯಾಗಿ, ತಂದೆಯ ಕಸುಬನ್ನೇ ಹಿಡಿದು ಗಾದಿ ಹೊಲಿಯುತ್ತಿದ್ದ ಮಾಬೂಬಿ.

"ಅದನ್ನ ಹಾಕಬ್ಯಾಡ್ರಿ. ಅದು ನನ್ನ ಮನಿಗೆ ಬರಬೇಕು."

ಆಡಳಿತದ ಸೆಕ್ರೆಟರಿ ನಕ್ಕ. "ನಿಂಗ್ಯಾಕ ಬೇಕವಾ ಇದು? ಯಾ ವರ್ಷ ಗೆದ್ದಿದ್ದಿ ನೀ?"

"ಗೆದ್ದಿಲ್ರಿ. ಕಡೀ ಆಟದಾಗ ಎಲ್ಲಾರಕಿಂತ ಕಡೀಕ ಬಂದಾಕಿ ನಾನ. ಕಾಯ್ದೆ ಹಂಗ ಐತಿ. ಬೇಕಂದ್ರ ಸರನ್ನ ಕೇಳ್ರಿ."

ಹೊಳಲ ಸರ ಕಟ್ಟೆಯ ಮೇಲೆ ಕೋಲು ಹಿಡಿದು ಕೂತು, ತಮ್ಮ ಶಾಲೆ ಟೆಂಪೊ ಏರುವುದನ್ನು ನೋಡುತ್ತಿದ್ದರು. ಅವರು ಅತ್ತಲಿಂದ ಕಣ್ಣು ತೆಗೆಯದೆ, "ಆಕಿ ಹೇಳೂದು ಖರೇ ಐತಿ," ಅಂದರು. ಗುಜರಿಯವನು ನನ್ನನ್ನು ಕೆಳಗಿಟ್ಟ. ಆ ಸಲ ಚಕ್ಕಡಿ ಇರಲಿಲ್ಲ, ಗಾದಿ ಸಾಗಿಸುವ ತಳ್ಳುಗಾಡಿಯಲ್ಲಿ ಹೋದೆ.

ಈಗ ಅವಳ ಅಂಗಳದಲ್ಲಿದ್ದೇನೆ. ಎರಡನೆಯದರ ಮೇಲೆ ಅರಳೆಯ ಚೀಲ, ಮೂರನೆಯದರ ಮೇಲೆ ಕೂತು ಅವಳು ಹೊಲಿಯುತ್ತಾಳೆ. ಒಂದನೆಯದು ಖಾಲಿ. ಹೊಲಿಯಲು ಕೂರುವಾಗಲೂ ಕಾಲು ನೆಲಕ್ಕೇ ಊರುತ್ತಾಳೆ. ಇಮಾಮಸಾಬ ತೀರಿಕೊಂಡು ವರ್ಷಗಳಾದವು. ಅವನ ಬಿಲ್ಲು ಎದುರು ಗೋಡೆಗೆ ತೂಗುತ್ತಿದೆ, ಈಗ ಹಿಂಜುವುದಕ್ಕೆ ಮಷೀನು ಬಂದಿದೆ.

ಮೊನ್ನೆ ಮಳೆ ಹೊಳವಾಗಿ ಬಿಸಿಲು ಬಿತ್ತು. ಗಾದಿ ಒಣಹಾಕಬೇಕಿತ್ತು. ಹಗ್ಗ ಕೈಗೆ ಎಟುಕಲಿಲ್ಲ. ಒಮ್ಮೆ ಹಾರಿದಳು, ಎರಡು ಸಲ ಹಾರಿದಳು. ಮೊಣಕಾಲು ಮೊದಲಿನಂತಿಲ್ಲ. ತೋಳಿನ ಮೇಲೆ ಗಾದಿಯ ಭಾರ. ಮತ್ತೇನೂ ಯೋಚಿಸದೆ ನನ್ನನ್ನು ಹಗ್ಗದ ಕೆಳಗೆ ನೂಕಿ ಹತ್ತಿಬಿಟ್ಟಳು. ನಡುವಿನದರ ಮೇಲೆ, ಎರಡೂ ಕಾಲು ಊರಿ.

ಹೆಬ್ಬೆರಳ ಬದಿಯ ಗಂಟು ಹಾಗೆಯೇ ಇತ್ತು. ಹಿಮ್ಮಡಿಯಲ್ಲಿ ಇನ್ನೊಂದು ಗುರುತು ಸೇರಿತ್ತು, ಬೂಟು ಕಚ್ಚಿದ್ದು.

ತಲೆದಿಂಬಿನ ಅರಳೆ ಹೊಸದು ಮಾಡಿಸಲು ಕೊಟ್ಟಿದ್ದ ಹೊಳಲ ಸರ ಅದನ್ನು ಒಯ್ಯಲು ಆಗಲೇ ಅಂಗಳಕ್ಕೆ ಬಂದರು. ಅವಳು ನೋಡಿ, ಎಲ್ಲಿ ನಿಂತಿದ್ದೇನೆ ಎಂದು ಆಗ ಅರಿತು, ಗಾಬರಿಯಿಂದ ಇಳಿಯಹೋದಳು.

"ಇಳೀಬ್ಯಾಡವಾ," ಅಂದರು ಸರ. "ಒಂದೀಟು ಹಂಗ ನಿಂದ್ರು."

"ನಾ ಗೆದ್ದಿಲ್ಲಲ್ರಿ ಸರ."

"ಅದು ಹುಡುಗರ ಕಾಯ್ದೆ. ಆಟ ಕಟ್ಟಿದಾಂವ ನಾನ. ನಿಂದ್ರು."

ಕೋಲನ್ನು ಗೋಡೆಗೆ ಆನಿಸಿ, ಬೆನ್ನು ನೆಟ್ಟಗೆ ಮಾಡಿ, ಬಹುಮಾನ ಹಂಚುವಾಗ ನಿಲ್ಲುತ್ತಿದ್ದ ಹಾಗೆ ನಿಂತರು. ಅವಳು ಸರನ್ನು ನೋಡಲಿಲ್ಲ. ಎದುರು ಗೋಡೆಯ ಬಿಲ್ಲನ್ನು ನೋಡಿದಳು.

"ನಿಂತೀನಪ್ಪಾ," ಅಂದಳು, ಮೆಲ್ಲಗೆ.

ಎಷ್ಟೋ ಮಕ್ಕಳ ಭಾರ ಹೊತ್ತಿದ್ದೇನೆ. ಎಲ್ಲರೂ ಶೀಲ್ಡಿನ ಕಡೆ ನೋಡುತ್ತ ಬೇಗ ಬೇಗ ಇಳಿದು ಓಡಿದವರು. ಇವಳು ನಿಧಾನ ನಿಂತಳು. ಆಮೇಲೆ ಗಾದಿಯ ಮಡಿಕೆ ಬಿಡಿಸಿ ಬಿಸಿಲಿಗೆ ಹರಡಿ, ಇಳಿದು, ಸೆರಗಿನಿಂದ ನನ್ನ ಮೇಲಿನ ಮಣ್ಣು ಒರೆಸಿ, ಸರಗೆ ಚಹಾ ಇಡಲು ಒಳಗೆ ಹೋದಳು.