ಅಮರ್ಲೇಯ ಎದುರಾಳಿ

ಮೂರನೆಯ ಸುತ್ತಿನಲ್ಲಿ ಅಮರ್ಲೇ ಎರಡೂ ಕೈ ಕೆಳಗೆ ಬಿಟ್ಟು ಸುಮ್ಮನೆ ನಿಂತುಬಿಟ್ಟಳು. ಎದುರಿಗಿದ್ದ ಅಯೇಲೆ ಹಿಂದೆ ಅವಳೆದುರು ಎರಡು ಸಲ ಸೋತವಳು, ಹೊಡೆಯಬಹುದಿತ್ತು, ಹೊಡೆಯಲಿಲ್ಲ. ರೆಫರಿ ಪಂದ್ಯ ನಿಲ್ಲಿಸಿದ. ಮೀನುಗಾರರ ಕೇರಿ ಬುಕೋಮ್‌ನ ಜನ ಬಾಕ್ಸಿಂಗ್ ನೋಡಿಯೇ ಬೆಳೆದವರು, ಸುಮ್ಮನಿರುತ್ತಾರೆಯೇ?

"ಮೀನು ಸುಡೋಕೆ ಹೋಗವ್ವಾ, ಅಲ್ಲಾದ್ರೂ ಕೈ ಆಡುತ್ತೆ" ಎಂದು ಯಾರೋ ಕೂಗಿದರು.

ಪಕ್ಕೆಲುಬು ಬಿರುಕು ಬಿಟ್ಟ ವರ್ಷ ನೋವಿಗೆಂದು ಟ್ರಮಾಡಾಲ್ ಗುಳಿಗೆ ಶುರುವಾಗಿತ್ತು. ನೋವು ಹೋಯಿತು, ಗುಳಿಗೆ ಹೋಗಲಿಲ್ಲ. ಅದಕ್ಕೂ ಮುಂಚೆ, ಹತ್ತೊಂಬತ್ತರ ವಯಸ್ಸಿನಿಂದಲೇ, ಅವಳಿಗೆ ಚಾಪೆ ಬಿಟ್ಟು ಏಳಲಾಗದ ದಿನಗಳಿದ್ದವು. ನೀನು ಯಾತಕ್ಕೂ ಬಾರದವಳು ಎಂದು ಒಳಗೇ ಯಾರೋ ಗೊಣಗುತ್ತಿದ್ದ ಹಾಗೆ. ಗುಳಿಗೆ ನುಂಗಿದರೆ ಆ ಗೊಣಗಾಟವೂ ಒಂದಿಷ್ಟು ಹೊತ್ತು ಅಡಗುತ್ತಿತ್ತು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಪಂದ್ಯದ ಮಾರನೆಯ ದಿನದಿಂದ ಮಲಗಿದಲ್ಲೇ ಉಳಿದಳು. ಚಿಕ್ಕಮ್ಮ ಕೋರ್ಕೋಯ್ ಬೆಳಿಗ್ಗೆ ಎಲೆ ಬಿಚ್ಚಿಟ್ಟು ಹೋದ ಕೆಂಕೆ ಎಂಬ ಜೋಳದ ಕಡುಬು ಸಂಜೆಗೆ ಒಣಗಿ ಬಿರಿದಿರುತ್ತಿತ್ತು.

"ಪ್ರಾರ್ಥನೆ ಮಾಡಿ ವಾಸಿ ಮಾಡೋ ಶಿಬಿರಕ್ಕೆ ಸೇರಿಸ್ತೀನಿ ನಿನ್ನ" ಎಂದಳು ಚಿಕ್ಕಮ್ಮ.

"ಅಲ್ಲಿ ಕಾಯಿಲೆಯವರಿಗೆ ಸರಪಳಿ ಹಾಕ್ತಾರಂತೆ, ಚಿಕ್ಕಮ್ಮ."

"ಇಲ್ಲೇನು ಸರಪಳಿ ಇಲ್ದೇ ಓಡಾಡ್ತಿದೀಯಾ?"

ಒಂಬತ್ತನೆಯ ದಿನ ಬೆಳಿಗ್ಗೆ ಅಯೇಲೆ ಬಂದು ಹೊಸ್ತಿಲ ಮೇಲೆ ಕೂತಳು.

"ದಿನಕ್ಕೆ ಎಷ್ಟು ನುಂಗ್ತೀಯ?"

"ಏನನ್ನ?"

"ನಮ್ಮಣ್ಣನೂ ಹಿಂಗೇ ಕೇಳ್ತಿದ್ದ. ಆವತ್ತು ಪಂದ್ಯದಲ್ಲಿ ನಿನ್ನ ಕಣ್ಣು ಅವನ ಕಣ್ಣಿದ್ದಂಗೇ ಇತ್ತು. ಅವನನ್ನ ಮಣ್ಣು ಮಾಡಿ ಎರಡು ವರ್ಷ ಆಯ್ತು."

ಅಮರ್ಲೇ ಗೋಡೆಯ ಕಡೆ ತಿರುಗಿಕೊಂಡಳು. ಹಾಗೇ "ಎಂಟು" ಎಂದಳು.

ಅಯೇಲೆ ಕರೆದುಕೊಂಡು ಹೋದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡು, "ನಿಂಗಿರೋದು ಎರಡು ಕಾಯಿಲೆ, ಗುಳಿಗೆ ಚಟದ್ದೊಂದು, ಮನಸ್ಸಿಂದೊಂದು. ಮನಸ್ಸಿಂದೇ ಮೊದಲು ಬಂದಿದ್ದು" ಎಂದರು. ಗುಳಿಗೆಯನ್ನು ಒಂದೊಂದಾಗಿ ಇಳಿಸಿದರು, ಮನಸ್ಸಿಗೆ ಬೇರೆ ಔಷಧಿ ಕೊಟ್ಟರು. ಗುಳಿಗೆ ಕಡಿಮೆಯಾದಂತೆ ಬೆವರು, ವಾಂತಿ, ಕಾಲುಗಳ ಸೆಳೆತ. ಅಯೇಲೆ ದಿನವೂ ಬಂದು ಎಬ್ಬಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದಳು.

ಐದನೆಯ ವಾರ ಅಮರ್ಲೇ ಜಾರಿದಳು. ಗೆಳತಿಯೊಬ್ಬಳ ಹತ್ತಿರ ಕೇಳಿ ಒಟ್ಟಿಗೆ ನಾಲ್ಕು ನುಂಗಿದಳು.

"ನಿನ್ನೆ ತಗೊಂಡೆ" ಎಂದು ಬೆಳಿಗ್ಗೆ ಅಯೇಲೆಗೆ ತಾನೇ ಹೇಳಿದಳು. "ಇನ್ನು ಬರಬೇಡ ನೀನು. ನಂಗೆ ಸಾಕಾಗಿದೆ."

"ನಂಗೂ ಸಾಕಾಗಿದೆ ಕಣೇ" ಎಂದಳು ಅಯೇಲೆ. "ಏಳು. ಹೊತ್ತಾದ್ರೆ ಆಸ್ಪತ್ರೇಲಿ ಸಾಲು ಉದ್ದ ಆಗುತ್ತೆ."

ಅಮರ್ಲೇ ಎದ್ದು, ಮುಖಕ್ಕೆ ನೀರು ಹಾಕಿಕೊಂಡು, ಚಪ್ಪಲಿ ಮೆಟ್ಟಿ ಅವಳ ಜೊತೆ ಹೊರಟಳು.